ನಿಂಗವ್ವ ಆರಿಸಿದ ಮೂರು ಜೀವ

ಏಳು ಕೆರೆಯ ಆಚೆ, ಎಂಟು ಬೆಟ್ಟದ ಈಚೆ, ಬಲು ಹಿಂದೆ ನೇರಿಳೆಪಟ್ಟಣ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನೂ ಒಬ್ಬನಿದ್ದ, ಅವನ ಮಾತು ಬಿಡಿ. ಮಾಂತ್ರಿಕ ಕವಡೆರಾಯನ ಹೆಸರು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ ಪುಣ್ಯಾತ್ಮ.

ಕವಡೆರಾಯನ ಅರಮನೆ ದಿಬ್ಬದ ಮೇಲಿತ್ತು. ರಾಜ್ಯದಲ್ಲಿ ಒಂದು ಸಂಸಾರ ಮುರಿದರೆ ಆ ಅರಮನೆಗೆ ತಾನೇ ತಾನಾಗಿ ಒಂದು ಅಂತಸ್ತು ಏಳುತ್ತಿತ್ತು. ತೊಂಬತ್ತೊಂಬತ್ತು ಎದ್ದಿದ್ದವು. ನೂರನೆಯದು ಎದ್ದರೆ ಅವನಿಗೆ ಸಾವೇ ಇಲ್ಲ.

ಅವನ ಉಪಾಯ ಕೇಳಿ. ಗಂಡನನ್ನು ಹಿಡಿಸಿ ತರುತ್ತಿದ್ದ. ಹೆಂಡತಿಯನ್ನು ಕರೆದು, ಇವನನ್ನು ಮೂರು ಸಲ ಪ್ರಾಣಿ ಮಾಡುತ್ತೇನೆ, ಯಾವ ಪ್ರಾಣಿಯೆಂದು ನೀನೇ ಆರಿಸು, ಮೂರು ಸಲವೂ ಇವನು ಬೇರೆ ಹೆಣ್ಣಿನ ಹಿಂದೆ ಹೋಗದಿದ್ದರೆ ಮನುಷ್ಯನನ್ನಾಗಿ ಕೊಡುತ್ತೇನೆ ಎನ್ನುತ್ತಿದ್ದ. ಪ್ರಾಣಿಯಾದವನಿಗೆ ಹೆಂಡತಿಯ ಮುಖವೊಂದು ಬಿಟ್ಟು ಊರು ಕೇರಿ ಎಲ್ಲ ಮರೆತುಹೋಗುತ್ತಿತ್ತು. ಗುಣ ಆ ಪ್ರಾಣಿಯದೇ ಬರುತ್ತಿತ್ತು.

ನೇರಿಳೆಪಟ್ಟಣದ ಹೆಂಗಸರಿಗೆ ಗಂಡನೆಂದರೆ ಎಲ್ಲಿಲ್ಲದ ಹೆಮ್ಮೆ. ಒಬ್ಬಳು ನವಿಲಾಗಲಿ ಅಂದಳು. ಒಬ್ಬಳು ಕವಲುಕೊಂಬಿನ ಜಿಂಕೆಯಾಗಲಿ ಅಂದಳು. ಸೆಟ್ಟರ ಮನೆಯಾಕೆ ಪಟ್ಟದ ಕುದುರೆಯೇ ಆಗಬೇಕೆಂದು ಹಟ ಹಿಡಿದಳು. ಅಯ್ಯೋ ತಾಯಂದಿರಾ, ನವಿಲು ಒಬ್ಬಳಿಗೋಸ್ಕರ ಕುಣಿಯುತ್ತದೆಯೇ? ಕುದುರೆಯ ಹಿಂದೆ ಎಷ್ಟು ಹೆಣ್ಣು ಕುದುರೆಗಳೋ ಎಣಿಸಿದವರುಂಟೇ? ಅಂದ ನೋಡಿ ಆರಿಸಿದರು, ಅಳುತ್ತಾ ಮನೆಗೆ ಹೋದರು. ಗಂಡಂದಿರು ಕಾಡಿನಲ್ಲೇ ಉಳಿದರು.

ಊರ ಕೊನೆಯಲ್ಲಿ ದುಗ್ಗಪ್ಪ, ನಿಂಗವ್ವ ಅಂತ ಗಂಡ ಹೆಂಡತಿ ಪುಂಡಿನಾರಿನ ಹಗ್ಗ ಹೊಸೆದು ಬದುಕುತ್ತಿದ್ದರು. ಪುಂಡಿ ನೆನೆಹಾಕಲು ದಿನವೂ ಕೆರೆಗೆ ಹೋಗಬೇಕು, ಮರದ ನಾರು ಸುಲಿಯಲು ಕಾಡಿಗೆ ಹೋಗಬೇಕು. ಹಾಗಾಗಿ ಅಲ್ಲಿನ ಹಕ್ಕಿ, ಮೃಗ ಹೇಗೆ ಬಾಳುತ್ತವೆ ಎಂಬುದು ನಿಂಗವ್ವನಿಗೆ ನೆರೆಮನೆಯವರ ವಿಚಾರದಷ್ಟೇ ಗೊತ್ತು. ಕವಡೆರಾಯನ ಭಟರು ದುಗ್ಗಪ್ಪನನ್ನು ಎಳೆದೊಯ್ದಾಗ ಅವಳು ಕಣ್ಣೊರೆಸಿಕೊಂಡು ಹಿಂದೆಯೇ ಹೋದಳು.

ಮೊದಲ ಸಲ ಅವಳು ಸಾರಸ ಕೊಕ್ಕರೆ ಎಂದಳು. ಕವಡೆರಾಯ ದುಗ್ಗಪ್ಪನನ್ನು ಸಾರಸ ಮಾಡಿ ಕೆರೆಗೆ ಬಿಟ್ಟ. ಕೆಂಪು ಕೊರಳಿನ ನೂರು ಹೆಣ್ಣು ಸಾರಸಗಳನ್ನು ಮಾಯೆಯಿಂದ ಸೃಷ್ಟಿಸಿ ಅವನ ಸುತ್ತ ಕುಣಿಸಿದ. ಬಾಳಿಗೆಲ್ಲ ಒಂದೇ ಜೋಡಿ ಎನ್ನುವ ಆ ಉದ್ದಕಾಲಿನ ಹಕ್ಕಿ ಯಾರನ್ನೂ ತಿರುಗಿ ನೋಡಲಿಲ್ಲ. ದಡದಲ್ಲಿ ನಿಂತ ನಿಂಗವ್ವನ ಪಕ್ಕಕ್ಕೆ ಬಂದು, ರೆಕ್ಕೆ ಬಿಚ್ಚಿ, ಒಂದು ತಿಂಗಳು ಅವಳೊಬ್ಬಳ ಎದುರೇ ಕುಣಿಯಿತು.

ಎರಡನೆಯ ಸಲ ಅವಳು ನರಿ ಎಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಟ್ಟಿಕೊಂಡವನನ್ನು ನರಿಯಾಗು ಅನ್ನುವ ಹೆಂಡತಿ ಎಲ್ಲಿಯಾದರೂ ಉಂಟೇ? ನಗುವವರು ನಗಲಿ. ನರಿಯ ಮೇಲೆ ಹೊರಿಸದ ಆರೋಪವಿಲ್ಲ, ಆದರೆ ಅದು ಒಂದೇ ಹೆಣ್ಣಿನ ಜೊತೆ ಬೇಟೆಯಾಡಿ, ಒಂದೇ ಗುಹೆಯಲ್ಲಿ ಮರಿ ಸಾಕುವ ಜೀವ. ಕವಡೆರಾಯ ಹೆಣ್ಣು ನರಿಗಳನ್ನೂ ಬಿಟ್ಟ, ಮಾಂಸದ ರಾಶಿಯನ್ನೂ ಸುರಿದ. ನರಿಯಾದ ದುಗ್ಗಪ್ಪ ಆ ಮಾಂಸದಲ್ಲಿ ಅರ್ಧ ಕಚ್ಚಿಕೊಂಡು ನೆಟ್ಟಗೆ ನಿಂಗವ್ವ ನಿಂತಲ್ಲಿಗೆ ಓಡಿದ.

ಮೂರನೆಯ ಸಲ ಅವಳು ಮಂಗಟ್ಟೆ ಹಕ್ಕಿ ಎಂದಳು. ಆ ಹಕ್ಕಿಯ ಸಂಸಾರ ನೋಡಿದರೆ ಕೈಮುಗಿಯಬೇಕು. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಗೋಡೆ ಕಟ್ಟಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಡುತ್ತದೆ. ಗಂಡು ಆ ಸೀಳಿನಿಂದ ಹಣ್ಣು ಉಣಿಸುತ್ತದೆ. ಗಂಡು ಬಾರದಿದ್ದರೆ ಹೆಣ್ಣಿಗೆ ಉಪವಾಸ.

ಇದು ಕವಡೆರಾಯನಿಗೂ ತಿಳಿಯಿತು. ಹಾಗಾದರೆ ಪೊಟರೆಯೊಳಗೆ ನೀನೇ ಕೂರು, ನಲವತ್ತು ದಿನಕ್ಕೆ ಮೊದಲು ಗೋಡೆ ಒಡೆದು ಹೊರಬಂದರೆ ನೀನು ಸೋತಂತೆ, ನಿನ್ನ ಗಂಡ ಸಾಯುವವರೆಗೂ ಹಕ್ಕಿ ಎಂದ. ಆಳು ಕೂರುವಷ್ಟು ದೊಡ್ಡ ಪೊಟರೆಯಲ್ಲಿ ಅವಳನ್ನು ಕೂರಿಸಿ ಮಣ್ಣು ಮೆತ್ತಿಸಿದ.

ದುಗ್ಗಪ್ಪ ಹಕ್ಕಿ ಬೆಳಿಗ್ಗೆ ಅತ್ತಿಹಣ್ಣು ತಂದಿತು, ಮಧ್ಯಾಹ್ನ ಆಲದ ಹಣ್ಣು, ಸಂಜೆ ಮತ್ತೆ ಅತ್ತಿಹಣ್ಣು. ದೊಡ್ಡ ಕೊಕ್ಕಿನ ತುದಿಯಲ್ಲಿ ಒಂದೊಂದೇ ಹಣ್ಣು ಹಿಡಿದು ಅವಳ ಬಾಯಿಗೆ ಇಡುತ್ತಿತ್ತು. ಗುಣ ಹಕ್ಕಿಯದೋ ದುಗ್ಗಪ್ಪನದೋ, ಯಾರು ಹೇಳಬೇಕು? ಮೂವತ್ತಾರು ದಿನ ಹೀಗೇ ನಡೆಯಿತು. ಕವಡೆರಾಯ ಬಿಟ್ಟ ಚೆಲುವೆ ಹಕ್ಕಿಗಳು ಬಂದ ದಾರಿಗೆ ಸುಂಕವಿಲ್ಲದೆ ಹೋದವು.

ಹೊಟ್ಟೆಕಿಚ್ಚಿನಿಂದ ಉರಿದುಹೋದ ಮಾಂತ್ರಿಕ ಬಾಣ ಬಿಟ್ಟು ಹಕ್ಕಿಯ ರೆಕ್ಕೆ ಮುರಿದ. ಒಂದು ದಿನ ಹಣ್ಣು ಬರಲಿಲ್ಲ. ಎರಡು ದಿನ ಬರಲಿಲ್ಲ. ನಿಂಗವ್ವನಿಗೆ ಹಸಿವಿಗಿಂತ ಭಯ ಹೆಚ್ಚಾಯಿತು. ಬೇರೆಯವಳ ಹಿಂದೆ ಹೋದನೆಂಬ ಯೋಚನೆ ಅವಳಿಗೆ ಒಮ್ಮೆಯೂ ಬರಲಿಲ್ಲ. ಅವನಿಗೇನಾಯಿತೋ ಎಂದೇ ಅತ್ತಳು.

ಮೂರನೆಯ ದಿನ ಮಧ್ಯಾಹ್ನ ಅವಳು ಸೀಳಿನಿಂದ ನೋಡಿದಳು. ಹಕ್ಕಿ ನೆಲದ ಮೇಲೆ ಕುಪ್ಪಳಿಸುತ್ತಾ ಬರುತ್ತಿತ್ತು. ಒಂದು ರೆಕ್ಕೆ ಧೂಳಿನಲ್ಲಿ ಎಳೆದಾಡುತ್ತಿತ್ತು. ಕೊಕ್ಕಿನಲ್ಲಿ ಒಂದು ಅತ್ತಿಹಣ್ಣು. ಮರದ ಬುಡಕ್ಕೆ ಬಂದು ಹಾರಲು ನೋಡಿತು, ಬಿತ್ತು. ಮತ್ತೆ ನೋಡಿತು, ಬಿತ್ತು. ಮೂರನೆಯ ಸಲ ಬಿದ್ದದ್ದು ಏಳಲಿಲ್ಲ. ಹಣ್ಣನ್ನು ಮಾತ್ರ ಬಿಡಲಿಲ್ಲ.

ಇನ್ನೊಂದು ದಿನ ಕೂತಿದ್ದರೆ ಪಂದ್ಯ ಅವಳದು. ಆದರೆ ಹಕ್ಕಿ ಅಷ್ಟು ಹೊತ್ತು ಉಳಿಯುವಂತಿರಲಿಲ್ಲ. ನಿಂಗವ್ವ ಎರಡೂ ಕೈಯಿಂದ ಗೋಡೆ ಗುದ್ದಿ ಒಡೆದಳು. ಕೆಳಗೆ ಧುಮುಕಿ ಹಕ್ಕಿಯನ್ನು ಮಡಿಲಿಗೆ ಎತ್ತಿಕೊಂಡು ಸೆರಗು ಹರಿದು ರೆಕ್ಕೆಗೆ ಕಟ್ಟಿದಳು.

ಕವಡೆರಾಯ ಚಪ್ಪಾಳೆ ತಟ್ಟುತ್ತಾ ಬಂದ. "ಸೋತೆಯಲ್ಲೇ! ಇನ್ನು ಇವನು ಹಕ್ಕಿಯೇ. ಅತ್ತುಕೊಂಡು ಮನೆಗೆ ನಡಿ."

"ಸೋತೆ, ಇಲ್ಲ ಅನ್ನೋದಿಲ್ಲ," ಎಂದಳು ನಿಂಗವ್ವ. "ಮನೆಗೂ ಹೋಗ್ತೀನಿ. ಇವನನ್ನ ಕರ್ಕೊಂಡೇ ಹೋಗ್ತೀನಿ. ಇಷ್ಟು ದಿನ ಅವನು ನನಗೆ ಉಣಿಸಿದ, ಇನ್ನು ಮೇಲೆ ನಾನು ಅವನಿಗೆ ಉಣಿಸ್ತೀನಿ. ಹಕ್ಕಿಯಾದರೆ ಏನಾಯ್ತು, ನನ್ನ ಗಂಡ ಅಲ್ವಾ?"

ಕವಡೆರಾಯ ಅರಮನೆಯ ಕಡೆ ತಿರುಗಿ ನೋಡಿದ. ನೂರನೆಯ ಅಂತಸ್ತು ಏಳಲಿಲ್ಲ. ಸೋತ ಹೆಂಗಸರನ್ನು ಅವನು ಕಂಡಿದ್ದ, ಸೋತ ಮೇಲೂ ಮುರಿಯದ ಸಂಸಾರವನ್ನು ಕಂಡಿರಲಿಲ್ಲ. ಸಿಟ್ಟಿನಿಂದ ಅರಮನೆಯೊಳಗೆ ಓಡಿ, ಬಲವಂತದ ಮಂತ್ರ ಹೇಳಿ ನೂರನೆಯದನ್ನು ಎಬ್ಬಿಸಿದ. ಮುರಿಯದ ಸಂಸಾರದ ಮೇಲೆ ಎದ್ದ ಅಂತಸ್ತಿಗೆ ಆಧಾರವೆಲ್ಲಿ? ಅದು ಕುಸಿಯಿತು, ಕೆಳಗಿನ ತೊಂಬತ್ತೊಂಬತ್ತನ್ನೂ ಎಳೆದುಕೊಂಡು ಬಿತ್ತು. ಕವಡೆರಾಯನೂ ಅವನ ಮಾಯೆಯೂ ಮಣ್ಣಾದವು.

ಕಾಡಿನಿಂದ ತೊಂಬತ್ತೊಂಬತ್ತು ಗಂಡಸರು ತಲೆ ತಗ್ಗಿಸಿಕೊಂಡು ಹೊರಬಂದರು. ಹೆಂಡತಿಯರ ಕೈಲಿ ಚೆನ್ನಾಗಿ ಬೈಸಿಕೊಂಡು, ಮೂರು ದಿನ ಜಗಲಿಯ ಮೇಲೆ ಕೂತು, ಆಮೇಲೆ ಒಳಗೆ ಹೋಗಿ ಮುದ್ದೆ ಉಂಡರು. ಅಲ್ಲಿಂದ ಮುಂದೆ ಅವರೂ ನೆಮ್ಮದಿಯಿಂದ ಬಾಳಿದರು. ರಾಜನೂ ಮಂಚದ ಕೆಳಗಿನಿಂದ ಎದ್ದು ಬಂದು ರಾಜ್ಯ ಆಳಿದನಂತೆ.

ಅರಮನೆ ಬಿದ್ದ ಆ ಹೊತ್ತಿಗೇ ನಿಂಗವ್ವನ ಮಡಿಲಲ್ಲಿದ್ದ ಹಕ್ಕಿ ದುಗ್ಗಪ್ಪನಾಗಿತ್ತು. ಒಂದು ತೋಳು ಮುರಿದಿತ್ತು, ಮೈಯೆಲ್ಲ ಧೂಳಾಗಿತ್ತು. ಅವನು ಕಣ್ಣು ಬಿಟ್ಟು, ಸುತ್ತ ಏನಾಗಿದೆ ಎಂದು ಕೇಳಲಿಲ್ಲ. ಹೆಂಡತಿಯ ಮುಖ ನೋಡಿ ಮೆಲ್ಲಗೆ ಹೇಳಿದ:

"ಮೂರು ದಿನದಿಂದ ಏನೂ ತಿಂದಿಲ್ವಲ್ಲೇ ನೀನು."