ರಾಕ್ಷಸನ ಬೆನ್ನಿನ ಹೊಲಿಗೆ

"ಯಾರಾದ್ರೂ ಬನ್ರೀ… ಅವ್ರಿಗೆ ಉಸಿರು ಕಟ್ತಿದೆ!"

ಅವಳು ಕೂಗಿದಳು. ಒಬ್ಬರೂ ತಿರುಗಿ ನೋಡಲಿಲ್ಲ.

ಅದು ಸಿನಿಮಾ ಯೂನಿಟ್ಟಿನಲ್ಲಿ ಅವಳ ಹೊಲಿಗೆ ಕೆಲಸದ ಮೊದಲ ದಿನ. ಹಳೆಯ ಗೋದಾಮೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಅದರ ಮೂಲೆಯಲ್ಲಿ ಹಸಿರು ರಬ್ಬರಿನ ಮೈ, ತಟ್ಟೆಯಷ್ಟಗಲದ ಕಣ್ಣು, ಬೆನ್ನ ತುಂಬ ಮುಳ್ಳು ಇದ್ದ ಜಲರಾಕ್ಷಸನೊಬ್ಬ ಗೋಡೆಗೆ ಒರಗಿ ಕುಸಿಯುತ್ತಿದ್ದ. ಸುತ್ತಲಿದ್ದವರು ನಗುತ್ತಿದ್ದರು. ಆಹಾ, ಎಂಥ ಆಕ್ಟಿಂಗು ಎಂದುಕೊಂಡಿದ್ದರು!

ಅವಳು ಮಾತ್ರ ಅವನ ಕೈಗಳನ್ನು ನೋಡಿದಳು. ಆ ರಬ್ಬರ್ ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು.

ಓಡಿದಳು. ಬೆನ್ನಿನ ಜಿಪ್ಪು ಕ್ಯಾಮೆರಾಗೆ ಕಾಣಬಾರದೆಂದು ಅದರ ಮೇಲೆ ಪಟ್ಟಿ ಇಟ್ಟು ಯಾರೋ ಹೊಲಿದುಬಿಟ್ಟಿದ್ದರು. ಕತ್ತರಿ ಹಾಕಿ ಚರ್ರನೆ ಹರಿದಳು. ದಪ್ಪ ರಬ್ಬರ್ ತಲೆಯನ್ನು ಎರಡೂ ಕೈಯಿಂದ ಕಿತ್ತಳು.

ಬೆವರಿನಲ್ಲಿ ತೊಯ್ದ ಮುಖವೊಂದು ಹೊರಬಂತು. ಅವನು ಬಾಯಿ ತೆರೆದು ಗಾಳಿ ಎಳೆದುಕೊಂಡ. ಅವಳ ಮಣಿಕಟ್ಟು ಹಿಡಿದು ಸುಮ್ಮನೆ ನೋಡಿದ, ಅಷ್ಟೇ…

ಆ ನೋಟಕ್ಕೆ ಅವಳ ಎದೆ ಏಕೆ ಹಾಗೆ ಹೊಡೆದುಕೊಂಡಿತೋ!

"ಸೂಟ್ ಹರಿದುಬಿಟ್ಯಲ್ಲಮ್ಮ!" ಡೈರೆಕ್ಟರ್ ತಲೆ ಮೇಲೆ ಕೈ ಹೊತ್ತು ಬಂದರು. "ಇರೋದೇ ಒಂದು!"

"ಒಳಗಿರೋ ಮನುಷ್ಯನೂ ಒಬ್ಬನೇ ಸಾರ್!"

ಎಂದೂ ಯಾರಿಗೂ ಎದುರಾಡದ ಹುಡುಗಿ. ಅಂದುಬಿಟ್ಟ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ಕೆಳಗೆ ಕೂತಿದ್ದ ರಾಕ್ಷಸ ನಕ್ಕ.

ಅಂದಿನಿಂದ ಅವನನ್ನು ಸೂಟಿನೊಳಗೆ ಹಾಕಿ ಹೊಲಿಯುವ ಕೆಲಸ ಅವಳ ಪಾಲಿಗೇ ಬಂತು. ಯೂನಿಟ್ಟಿನವರೆಲ್ಲ ಅವನನ್ನು ರಾಕ್ಷಸ ಎನ್ನುತ್ತಿದ್ದರು, ಅವಳನ್ನು ಟೈಲರಮ್ಮ.

ತಲೆ ಹಾಕಿಕೊಂಡರೆ ಅವನ ಮಾತು ಹೊರಗೆ ಕೇಳುತ್ತಿರಲಿಲ್ಲ. ಕುತ್ತಿಗೆಯ ಸೀಳಿನ ಹತ್ತಿರ ಬಾಯಿಟ್ಟು ಹೇಳಿದರೆ ಮಾತ್ರ ಒಳಗಿರುವವನಿಗೆ ಒಂದಿಷ್ಟು ಕೇಳುತ್ತಿತ್ತು. ಹಾಗಾಗಿ ಅವಳೇ ಒಂದು ಏರ್ಪಾಟು ಮಾಡಿದಳು.

"ನೋಡಿ ರಾಕ್ಷಸರೇ, ನಾನು ಏನಾದ್ರೂ ಕೇಳಿದ್ರೆ ನನ್ನ ಕೈ ಒತ್ತಿ. ಒಂದು ಸಲ ಒತ್ತಿದ್ರೆ ಹೌದು. ಎರಡು ಸಲ ಒತ್ತಿದ್ರೆ ಇಲ್ಲ. ಗೊತ್ತಾಯ್ತಾ?"

ರಬ್ಬರ್ ಕೈ ಒಂದು ಸಲ ಒತ್ತಿತು.

ಮೊದಮೊದಲು ಕೇಳುತ್ತಿದ್ದುದು, ಉಸಿರಾಡೋಕಾಗ್ತಿದ್ಯಾ, ನೀರು ಬೇಕಾ ಎಂಬ ಮಾತುಗಳು. ಆಮೇಲೆ ಅದು ಎಲ್ಲೆಲ್ಲಿಗೋ ಹೋಯಿತು. ಇವತ್ತು ನನ್ನ ಮೇಲೆ ಕೋಪಾನಾ? ಎರಡು. ಈ ಬಣ್ಣ ನನಗೆ ಒಪ್ಪುತ್ತಾ? ಒಂದು. ಸುಳ್ಳು ತಾನೇ? ಎರಡು, ಎರಡು, ಎರಡು!

ಒಂದು ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದಾಗ ಅವಳು ಕೇಳಿದಳು. "ಸಾರ್, ನಮ್ದು ಬಿ ಸಿನಿಮಾ ಅಂತ ಎಲ್ರೂ ಆಡ್ಕೊಳ್ತಾರಲ್ಲ… ಹಾಗಂದ್ರೆ ಏನು?"

"ಹಿಂದೆ ಒಂದೇ ಟಿಕೆಟ್‌ಗೆ ಎರಡು ಪಿಕ್ಚರ್ ತೋರಿಸೋರು," ಎಂದರು ಡೈರೆಕ್ಟರ್. "ಜನ ಬರ್ತಿದ್ದಿದ್ದು ದೊಡ್ಡ ಪಿಕ್ಚರ್‌ಗೆ. ಅದರ ಜೊತೆ ತಳ್ಳೋ ಚಿಕ್ಕದು ಇರುತ್ತಲ್ಲ, ಅದು ಬಿ."

"ಹೆಸರಿರೋ ನಟರು ಇಲ್ದೇ ಇರೋದು," ಎಂದ ಕ್ಯಾಮೆರಾಮನ್.

"ಹೀರೋ, ಡ್ಯೂಪು ಇಬ್ರೂ ಒಂದೇ ಚಡ್ಡಿ ಹಾಕ್ಕೊಳ್ಳೋದು!" ಎಂದರು ಡ್ಯೂಪ್ ಅಣ್ಣ. ಬೀಳುವ, ಹಾರುವ ಶಾಟುಗಳಿಗೆಲ್ಲ ರಾಕ್ಷಸನ ಬದಲು ಸೂಟಿನೊಳಗೆ ಇಳಿಯುತ್ತಿದ್ದವರು ಅವರೇ. ಮಗಳ ಮದುವೆ ಮಾಡಿದ ಮೇಲೂ ಛಾವಣಿಗಳಿಂದ ಹಾರುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ರಾಕ್ಷಸ ಮಾತ್ರ ನಗಲಿಲ್ಲ. "ನನಗನ್ಸೋದು… ಬಿ ಸಿನಿಮಾ ಅಂದ್ರೆ ರೀಟೇಕ್ ಇಲ್ದೇ ಇರೋದು. ಒಂದೇ ಸೂಟು, ಒಂದೇ ಟೇಕು. ತಪ್ಪಾದ್ರೂ ಅದೇ ಉಳಿಯುತ್ತೆ. ಇನ್ನೊಂದು ಸಲ ಅನ್ನೋ ಭಾಗ್ಯ ನಮಗಿಲ್ಲ."

ಅವಳು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ತನ್ನ ಬದುಕೂ ಅಷ್ಟೇ ಅಲ್ಲವೇ?

ಹೊಲಿಗೆ ಕಲಿಯುವಾಗ ಅವಳನ್ನು ಇಷ್ಟಪಟ್ಟವನೊಬ್ಬ ಇದ್ದ. ಕೋರ್ಸು ಮುಗಿದ ದಿನ ನಗುನಗುತ್ತಲೇ ಹೇಳಿದ್ದ, "ಅದೆಲ್ಲ ಕ್ಲಾಸ್ ಇರೋವರೆಗೆ ಅಷ್ಟೇ ಅಲ್ವಾ?" ಅವಳಿಗೆ ಅಳಲೂ ಆಗಿರಲಿಲ್ಲ, ಬೈಯಲೂ ಆಗಿರಲಿಲ್ಲ. ಅಷ್ಟೇನಾ ಎಂದು ತಿರುಗಿ ಕೇಳಲೂ ಬಾಯಿ ಬಂದಿರಲಿಲ್ಲ.

ಅದೇ ವಾರ ಸುದ್ದಿ ಬಂತು. ದೊಡ್ಡ ಕಂಪನಿಯೊಂದು ರಾಕ್ಷಸನನ್ನು ಕರೆದಿತ್ತು. ಅವನು ನಡೆಯುವ ರೀತಿ, ಬಾಗುವ ರೀತಿ ಅವರಿಗೆ ಬಹಳ ಹಿಡಿಸಿತ್ತಂತೆ.

"ಅಲ್ಲಿ ಸೂಟೇ ಇಲ್ಲ ಕಣ್ರೀ!" ಅವನ ಕಣ್ಣುಗಳು ಹೊಳೆಯುತ್ತಿದ್ದವು. "ಮೈಗೆ ಚುಕ್ಕಿ ಅಂಟಿಸ್ತಾರೆ. ಮಿಕ್ಕಿದ್ದೆಲ್ಲ ಕಂಪ್ಯೂಟರ್ರೇ ಮಾಡುತ್ತೆ."

"ಹೊಲಿಯೋದು ಏನೂ ಇರಲ್ವಾ?"

"ಒಂದು ಜಿಪ್ಪೂ ಇಲ್ಲ!"

ಅವಳು ನಕ್ಕಳು. ನಗಲೇಬೇಕಿತ್ತು.

'ಹೋಗಬೇಡಿ ಅನ್ನೋಕೆ ನಾನ್ಯಾರು? ಇಷ್ಟು ವರ್ಷ ಆ ರಬ್ಬರಿನೊಳಗೆ ಬೆಂದವರು. ಅವರಿಗೂ ಒಳ್ಳೇದಾಗಬೇಡ್ವಾ? ಆದ್ರೆ ನನಗೆ ಒಂದು ಮಾತು ಹೇಳಿ ಹೋಗಲಿ ದೇವರೇ… ಒಂದೇ ಒಂದು ಮಾತು…'

ಮರುದಿನ ದಾರ ತರಲು ಅಂಗಡಿಗೆ ಹೋಗಿ ಬಂದಾಗ ರಾಕ್ಷಸ ಬೆಂಚಿನ ಮೇಲೆ ಬೆನ್ನು ಮಾಡಿ ಕೂತಿದ್ದ. ಬೆನ್ನಿನ ಹೊಲಿಗೆ ನೋಡಿ ಅವಳಿಗೆ ಸಿಟ್ಟು ಬಂತು. ಬೆಳಿಗ್ಗೆ ನೀಟಾಗಿ ಹಾಕಿದ್ದನ್ನು ಬಿಚ್ಚಿ ಯಾರೋ ಅಂಕುಡೊಂಕಾಗಿ ಗೀಚಿದ್ದರು! ಎಲ್ಲೋ ಸಿಕ್ಕಿ ಹರಿದಿರಬೇಕು ಎಂದುಕೊಂಡಳು. ಕೂತು ಮತ್ತೆ ಹೊಲಿಯತೊಡಗಿದಳು.

ಸುತ್ತ ಯಾರೂ ಇರಲಿಲ್ಲ. ಅವನ ಮುಖವೂ ಕಾಣುತ್ತಿರಲಿಲ್ಲ. ಇಂಥ ಧೈರ್ಯ ಮತ್ತೆ ಬರುವುದಿಲ್ಲ ಎನಿಸಿತು. ಮುಂದೆ ಬಾಗಿ ಕುತ್ತಿಗೆಯ ಸೀಳಿಗೆ ಬಾಯಿಟ್ಟಳು.

"ಒಂದು ಕೇಳ್ಲಾ… ನಮ್ಮಿಬ್ಬರದು… ಇದೆಲ್ಲ ಈ ಪಿಕ್ಚರ್ ಮುಗಿಯೋವರೆಗೆ ಅಷ್ಟೇನಾ?"

ಅವನ ಅಂಗೈ ಮೇಲೆ ಕೈ ಇಟ್ಟಳು. ಕಣ್ಣು ಮುಚ್ಚಿದಳು.

ಆ ಕೈ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಒಂದೇ ಸಲ.

ಎರಡನೆಯದಕ್ಕಾಗಿ ಅವಳು ಕಾದಳು… ಬರಲಿಲ್ಲ. "ಶಾಟ್ ರೆಡಿ!" ಎಂದು ಹೊರಗಿನಿಂದ ಕೂಗು ಬಂತು. ಕೈ ಬಿಡಿಸಿಕೊಂಡು ರಾಕ್ಷಸ ಎದ್ದು ಹೋದ. ಅವಳ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದಿತ್ತು. ಅದು ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ.

ಆ ಸಂಜೆ ಮನೆಯಲ್ಲಿ ಅಮ್ಮ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡಳು. "ಏನೇ ಇದು? ತೋಳನ್ನ ಕುತ್ತಿಗೆಗೆ ಹೊಲಿದಿದ್ದೀಯಲ್ಲ! ಯಾರು ಹಾಕ್ಕೊಳ್ಳೋರು ಇದನ್ನ?"

"ಬಿಚ್ಚಿ ಹೊಲೀತೀನಮ್ಮ…"

"ಹೊಲಿಗೆ ಇರ್ಲಿ. ನಿನಗೇನಾಯ್ತು ಹೇಳು."

"ಏನಿಲ್ಲಮ್ಮ," ಎಂದವಳು ಅಮ್ಮನ ಮಡಿಲಿಗೆ ಮುಖ ಹಾಕಿ ಅತ್ತಳು. ಅಮ್ಮ ಅವಳ ತಲೆ ಸವರುತ್ತಾ ಕೂತಳು. ಅಮ್ಮನ ಕೈಯಲ್ಲಿ ಆಗುತ್ತಿದ್ದದ್ದೂ ಅಷ್ಟೇ.

ಅಂದಿನಿಂದ ಅವಳು ಅವನ ಹತ್ತಿರ ಸುಳಿಯಲಿಲ್ಲ. ಹೊಲಿಯಲು ಹೆಲ್ಪರನ್ನು ಕಳಿಸಿದಳು. ಅವನು ಎದುರಾದರೆ ಬಟ್ಟೆ ರಾಶಿಯ ಹಿಂದೆ ಸರಿದಳು.

"ನಾನೇನು ತಪ್ಪು ಮಾಡ್ದೆ ಹೇಳ್ರೀ?" ಒಮ್ಮೆ ಅವನು ಅಡ್ಡ ನಿಂತು ಕೇಳಿದ.

"ತಪ್ಪೇನಿಲ್ಲ. ನೀವು ಹೌದು ಅಂದ್ರಿ, ನಾನು ಕೇಳಿಸ್ಕೊಂಡೆ. ಅಷ್ಟೇ."

"ಯಾವುದಕ್ಕೆ ಹೌದಂದೆ?"

ಮರೆತೇಬಿಟ್ಟಿದ್ದಾನೆ! ಅವಳು ಅವನನ್ನು ದಾಟಿ ಹೊರಟುಹೋದಳು. ಅವನು ಅಲ್ಲೇ ನಿಂತ. ಏನು ಕೇಳಬೇಕು, ಯಾರನ್ನು ಕೇಳಬೇಕು ಅವನಿಗೆ ತಿಳಿಯಲಿಲ್ಲ.

ಕೊನೆಯ ದಿನ ಬಂದೇಬಂತು. ರಾಕ್ಷಸ ನೀರಿನ ತೊಟ್ಟಿಯಲ್ಲಿ ಮುಳುಗಿ ಸಾಯುವ ಶಾಟು ಒಂದೇ ಉಳಿದಿತ್ತು. ಸೂಟು ನೀರಿಗಿಳಿದರೆ ಮತ್ತೆ ಉಪಯೋಗಕ್ಕೆ ಬಾರದು. ಡೈರೆಕ್ಟರ್ ಅವಳನ್ನೇ ಕರೆಸಿದರು. "ಟೈಲರಮ್ಮ, ಇವತ್ತೊಂದು ದಿನ ನೀನೇ ಹೊಲಿ. ಜಿಪ್ಪು ಕಂಡ್ರೆ ಮಾನ ಹೋಗುತ್ತೆ."

ಅವಳು ಹೊಲಿದಳು. ಅಷ್ಟು ಅಂದವಾಗಿ ಎಂದೂ ಹೊಲಿದಿರಲಿಲ್ಲ. ರಬ್ಬರ್ ಕೈ ಅವಳ ಕೈಗಾಗಿ ಹಿಂದಕ್ಕೆ ಚಾಚಿಯೇ ಇತ್ತು. ಅವಳು ಕೊಡಲಿಲ್ಲ. ದಾರ ಕತ್ತರಿಸಿ, ಚೀಲ ಹೆಗಲಿಗೆ ಹಾಕಿ, ಹಿಂತಿರುಗಿ ನೋಡದೆ ಬಸ್‌ಸ್ಟಾಪಿನ ಕಡೆ ನಡೆದುಬಿಟ್ಟಳು. ಮರುದಿನ ಬೆಳಿಗ್ಗೆ ಅವನು ಹೊರಡುವವನಿದ್ದ.

ಸೂಟಿನೊಳಗೆ ಅವನು ಕೂಗುತ್ತಿದ್ದ. ಯಾರಿಗೆ ಕೇಳಬೇಕು?

ಲೈಟು ಜೋಡಿಸುವವರೆಗೆ ಡ್ಯೂಪ್ ಅಣ್ಣ ಅವನ ಪಕ್ಕ ಬಂದು ಕೂತರು. ಕುತ್ತಿಗೆಯ ಸೀಳಿಗೆ ಬಾಯಿಟ್ಟು ನಿಧಾನವಾಗಿ ಹೇಳಿದರು.

"ಲೋ ರಾಕ್ಷಸ, ಒಂದು ವಿಷಯ ಕಣೋ. ಮೊನ್ನೆ ಬೆಳಕು ಹೋಗುತ್ತೆ ಅಂತ ಅರ್ಜೆಂಟಾಗಿ ನಿನ್ನ ಬಿಚ್ಚಿ ನನ್ನ ತುಂಬಿದ್ರಲ್ಲ, ಛಾವಣಿ ಶಾಟಿಗೆ… ಆವಾಗ ಟೈಲರಮ್ಮ ಬಂದು ನನ್ನ ಹಿಂದೆ ಕೂತು ಏನೋ ಕೇಳ್ತು. ನನಗೆ ಒಂದಕ್ಷರ ಕೇಳಿಸ್ಲಿಲ್ಲ. ಆ ಎತ್ತರ ನೆನೆಸ್ಕೊಂಡು ಕೈಕಾಲು ತಣ್ಣಗಾಗಿತ್ತು. ಒಂದು ಕೈ ಸಿಕ್ತು, ಗಟ್ಟಿಯಾಗಿ ಹಿಡ್ಕೊಂಡೆ. ಈ ವಯಸ್ಸಲ್ಲಿ ಭಯ ಆಯ್ತು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಿ ಸುಮ್ಮನಿದ್ದೆ. ಆದ್ರೆ ಅವತ್ತಿಂದ ಆ ಹುಡುಗಿ ಮುಖ ನೋಡೋಕಾಗ್ತಿಲ್ಲ ಕಣೋ…"

ರಾಕ್ಷಸ ಎದ್ದು ನಿಂತ.

"ಏಯ್! ಎಲ್ಲಿಗಯ್ಯಾ? ತೊಟ್ಟಿ ಈ ಕಡೆ!" ಡೈರೆಕ್ಟರ್ ಕಿರುಚಿದರು.

ಅವನು ಗೇಟಿನ ಕಡೆ ಓಡಿದ. ಆ ಸೂಟಿನಲ್ಲಿ ಓಡುವುದೆಂದರೆ ಹಾಸಿಗೆ ಸುತ್ತಿಕೊಂಡು ಓಡಿದಂತೆ. ಎಡವಿದ, ಎದ್ದ, ಮತ್ತೆ ಓಡಿದ.

ಬಸ್‌ಸ್ಟಾಪಿನಲ್ಲಿ ಮೊದಲು ಚೀರಿದ್ದು ಒಬ್ಬ ಅಜ್ಜಿ. "ಅಯ್ಯೋ, ಏನಪ್ಪಾ ಇದು! ನನ್ನ ಪ್ರಾಣ ಹೋಗಿತ್ತಲ್ಲೋ!"

ಅವಳು ತಿರುಗಿದಳು. ಹಾಡುಹಗಲಲ್ಲಿ, ಅಷ್ಟು ಜನರ ನಡುವೆ, ಏದುಸಿರು ಬಿಡುತ್ತಾ ತನ್ನ ರಾಕ್ಷಸ! ಅವನು ಏನೇನೋ ಹೇಳುತ್ತಿದ್ದ, ಗುಂಯ್ ಎನ್ನುವುದೊಂದೇ ಕೇಳುತ್ತಿತ್ತು. ಜನ ನಗುತ್ತಿದ್ದರು. ಅದೇ ವೇಳೆಗೆ ಬಸ್ಸೂ ಬಂತು.

"ಹತ್ತಿ ಹತ್ತಿ," ಎಂದ ಕಂಡಕ್ಟರ್ ಬಾಯಿ ಕಳೆದ. "ಇವರಿಗೂ ಟಿಕೆಟ್ಟಾ?"

ಅವಳು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಾಗಿತ್ತು. ಆಗ ನೋಡಿದಳು… ಆ ರಬ್ಬರ್ ಬೆರಳುಗಳು ಮೊದಲ ದಿನದಂತೆಯೇ ಗಾಳಿಯಲ್ಲಿ ಹುಡುಕುತ್ತಿದ್ದವು. ಅವನಿಂದ ತಲೆ ತೆಗೆಯಲೂ ಆಗದು, ಮಾತಾಡಲೂ ಆಗದು. ಹೊಲಿದವಳು ಅವಳೇ ಅಲ್ಲವೇ!

ಕಾಲು ಕೆಳಗಿಟ್ಟಳು. ಅವನ ಕುತ್ತಿಗೆಯ ಹತ್ತಿರ ಬಾಯಿಟ್ಟಳು.

"ಒಳಗಿರೋದು ನೀವೇನಾ?"

ಒಂದು ಸಲ.

"ಮತ್ತೆ ಅವತ್ತು… ದಾರ ತಂದು ಹೊಲಿದೆನಲ್ಲ… ಅವತ್ತು ಒಳಗಿದ್ದಿದ್ದು?"

ಎರಡು ಸಲ. ಮತ್ತೆ ಎರಡು ಸಲ. ಅಂಕುಡೊಂಕು ಹೊಲಿಗೆ ಅವಳ ಕಣ್ಣ ಮುಂದೆ ಬಂತು. ಅಯ್ಯೋ ಪೆದ್ದಿ! ಬೆಳಿಗ್ಗೆ ತಾನೇ ಹಾಕಿದ ಹೊಲಿಗೆಯನ್ನು ಏಕೆ ಬಿಚ್ಚಿದರೆಂದು ಅವಳು ಕೇಳಲೇ ಇಲ್ಲವಲ್ಲ!

ಕಣ್ಣೀರು ತಾನಾಗಿ ಇಳಿಯಿತು. ಜನ ನೋಡುತ್ತಿದ್ದರು, ನೋಡಲಿ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ.

"ಇದೆಲ್ಲ… ಈ ಪಿಕ್ಚರ್ ಮುಗಿಯೋವರೆಗೆ ಅಷ್ಟೇನಾ?"

ಒಂದು ಸಲ ಒತ್ತಿತು. ಅವಳು ಕಾದಳು.

ಎರಡನೇ ಸಲವೂ ಒತ್ತಿತು. ಒತ್ತಿದ ಕೈ ಬಿಡಲೇ ಇಲ್ಲ.

ಬಸ್ಸು ಹೋಯಿತು. ಅವಳು ಅಲ್ಲೇ ನಿಂತು ಕತ್ತರಿ ತೆಗೆದು, ಅಷ್ಟು ಅಂದವಾಗಿ ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಬೆವರಿನಲ್ಲಿ ತೊಯ್ದ ಮುಖ ಹೊರಬಂತು.

"ನಾಳೆ ಹೋಗ್ಲೇಬೇಕು ಕಣ್ರೀ," ಅವನ ದನಿ ಒಡೆಯಿತು. "ಒಪ್ಕೊಂಡುಬಿಟ್ಟಿದ್ದೀನಿ. ನಿಮ್ಮನ್ನ ಬಿಟ್ಟು ಹೋಗೋಕೂ ಆಗ್ತಿಲ್ಲ…"

"ಹೋಗಿ. ಹೋಗಬೇಡಿ ಅಂತ ನಾನು ಕೇಳ್ಲಿಲ್ಲವಲ್ಲ."

"ಬರ್ತೀನಿ. ರಜ ಸಿಕ್ಕಿದಾಗೆಲ್ಲ ಬರ್ತೀನಿ. ಕಾಯ್ತೀರಾ?"

ಅವಳು ಅವನ ಕೈ ಹಿಡಿದು ಒಂದು ಸಲ ಒತ್ತಿದಳು.

ರಾಕ್ಷಸ ಸಾಯುವ ಶಾಟು ಸಿಗಲೇ ಇಲ್ಲ. ಬಿದ್ದು ಎದ್ದು ಓಡಿದ್ದಕ್ಕೆ ಸೂಟಿನ ರಬ್ಬರು ಹೊಲಿಯಲಾಗದಷ್ಟು ಹರಿದಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. ಡೈರೆಕ್ಟರ್ ಮೂರು ಹೊತ್ತೂ ಬೈದರು. ಆಮೇಲೆ ಕ್ಯಾಮೆರಾಮನ್ ಮೆಲ್ಲಗೆ ಹೇಳಿದ, ಅವನು ಗೇಟಿನತ್ತ ಓಡುವಾಗ ಕ್ಯಾಮೆರಾ ಆನ್ ಇತ್ತು ಎಂದು. ಪಿಕ್ಚರಿನ ಕೊನೆ ಅದೇ ಆಯಿತು.

ಆ ಪಿಕ್ಚರ್ ಬಿಡುಗಡೆಯಾದಾಗ ಅವನು ರಜ ಹಾಕಿ ಬಂದ. ಅರ್ಧ ಖಾಲಿಯಿದ್ದ ಥಿಯೇಟರಿನ ಹಿಂದಿನ ಸಾಲಿನಲ್ಲಿ ಇಬ್ಬರೂ ಕೂತರು. ತೆರೆಯ ಮೇಲೆ ರಾಕ್ಷಸ ಎಡವುತ್ತಾ, ಏಳುತ್ತಾ ಗೇಟು ದಾಟಿ ಓಡಿದ. ಅವನ ಬೆನ್ನಿನಲ್ಲಿ ಒಂದು ಹೊಲಿಗೆಯೂ ಕಾಣಲಿಲ್ಲ. ಜನ ಹೋ ಎಂದು ನಕ್ಕರು.

ಕತ್ತಲಲ್ಲಿ ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ಇವನು ಎಲ್ಲಿಗೆ ಓಡ್ತಿದಾನೆ ಅಂತ ಇವರಿಗೆಲ್ಲ ಗೊತ್ತಾ?"

ಅವನು ಅವಳ ಕೈಯನ್ನು ಎರಡು ಸಲ ಒತ್ತಿದ.

"ನನಗೆ?"

ಒಂದು ಸಲ.