ಸೇತುವೆ ಕಾವಲುಗಾರ ಏನಾದ?

"ಆ ಸೇತುವೆ ಕಾವಲುಗಾರ ಆಮೇಲೆ ಏನಾದ?"

ಮೇಜಿನ ತುದಿಯಲ್ಲಿ ಕೂತಿದ್ದ ಹೊಸಬ ಹೀಗೆ ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಆಟ ನಡೆಸುತ್ತಿದ್ದವಳು ಪುಸ್ತಕದಿಂದ ತಲೆಯೆತ್ತಿದಳು.

"ಯಾವ ಕಾವಲುಗಾರ?"

"ನಮ್ಮನ್ನೆಲ್ಲ ದಾಟಿಸಿದನಲ್ಲ, ಅವನು. ನಾವು ದಾಟಿದ ಮೇಲೆ ಸೇತುವೆಗೆ ಬೆಂಕಿ ಬಿತ್ತು. ಅವನು ಆ ಕಡೆನೇ ಉಳಿದ."

ಆ ಕಾವಲುಗಾರನಿಗೆ ಅವಳು ಹೆಸರನ್ನೂ ಇಟ್ಟಿರಲಿಲ್ಲ. ನಾಲ್ಕು ವರ್ಷದಿಂದ ಈ ಮೇಜಿನ ಮುಂದೆ ಕೂತು ಕಥೆ ಹೇಳುತ್ತಿದ್ದಾಳೆ, ಯಾರೂ ಅವಳ ಬಾಯಿ ಹೀಗೆ ಕಟ್ಟಿರಲಿಲ್ಲ.

"ಕಥೆಗೆ ಅವನು ಮುಖ್ಯ ಅಲ್ಲ," ಎಂದಳು, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ.

"ಸರಿ," ಎಂದು ಅವನು ತಲೆ ತಗ್ಗಿಸಿ ದಾಳವನ್ನು ಬೆರಳಲ್ಲಿ ತಿರುಗಿಸತೊಡಗಿದ.

'ಮೊದಲ ದಿನವೇ ತಪ್ಪು ಹುಡುಕೋಕೆ ಬಂದಿದ್ದಾನಲ್ಲ... ಎಷ್ಟು ಕೊಬ್ಬು ಇವನಿಗೆ!' ಅವಳ ಕಿವಿ ಬಿಸಿಯಾಗಿತ್ತು.

ಅವಳು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವಳು. ವಾರದ ಆರು ದಿನ ಕತ್ತಲ ಕೋಣೆಯಲ್ಲಿ ನಿಂತು ಗಾಜು ಬದಲಿಸುತ್ತ "ಈಗ ಚೆನ್ನಾಗಿ ಕಾಣುತ್ತಾ, ಇಲ್ಲ ಮೊದಲಿನದೇ ಚೆನ್ನಾಗಿತ್ತಾ?" ಎಂದು ಕೇಳುವುದೇ ಅವಳ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಟ. ಅವಳು ಒಂದು ಲೋಕವನ್ನು ಹೇಳುತ್ತಾಳೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗುತ್ತಾರೆ. ಮಾಡಹೊರಟ ಕೆಲಸ ಕೈಗೂಡಿತೋ ಕೆಟ್ಟಿತೋ ದಾಳ ಹೇಳುತ್ತದೆ.

ಅಲ್ಲೂ ಅವಳದು ಅದೇ ಬುದ್ಧಿ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಗಾಜು. ಅಕ್ಕನಿಗೆ ಕಥೆಯ ಪ್ರತಿ ಅಂಗಡಿಯವನ ಜೊತೆಯೂ ಹರಟಬೇಕು, ಚೌಕಾಸಿ ಮಾಡಬೇಕು. ನಿವೃತ್ತ ಗಣಿತದ ಮೇಷ್ಟ್ರಿಗೆ ಸುಲಭಕ್ಕೆ ತೆರೆಯದ ಬೀಗ ಬೇಕು. ಭಾವನಿಗೆ ಕತ್ತಿ ಕೊಟ್ಟು ಎದುರಿಗೆ ಯಾರನ್ನಾದರೂ ನಿಲ್ಲಿಸಿದರೆ ಸಾಕು. ಇವನ್ನೆಲ್ಲ ತನ್ನ ಪುಸ್ತಕದಲ್ಲಿ ಒಬ್ಬರಿಗೊಂದು ಪುಟದಂತೆ ಬರೆದಿಟ್ಟಿದ್ದಳು. ಪುಟದ ಮೇಲೆ ಒಂದು ಚೀಟಿ. ಅದರಲ್ಲಿ ಎರಡೇ ಸಾಲು: ಆಟದಲ್ಲಿ ಏನು ಬೇಡ, ಏನು ಇಷ್ಟ. ಹಾವು ಬೇಡ ಎಂದು ಅಕ್ಕ ಬರೆದ ಮೇಲೆ ಆ ಲೋಕದಲ್ಲಿ ಹಾವಿನ ಸಂತತಿಯೇ ಇರಲಿಲ್ಲ.

ಹೊಸಬ ಭಾವನ ಬ್ಯಾಡ್ಮಿಂಟನ್ ಜೊತೆಗಾರ. ಮೊದಲ ದಿನ ಅವನು ತಡವಾಗಿ ಬಂದದ್ದರಿಂದ ಚೀಟಿಯನ್ನು ಭಾವನೇ ತುಂಬಿದ್ದ: 'ಏನಿದ್ದರೂ ನಡೆಯುತ್ತೆ.'

"ಅವರನ್ನ ಕೇಳಿ ಬರೆದಿರಾ?" ಎಂದು ಅವಳು ಕೇಳಿದ್ದಳು.

"ಮೆಸೇಜ್ ಮಾಡಿದ್ದಾನಮ್ಮ. ಓದಿಯೇ ಬರೆದೆ."

ಅಕ್ಕ ಅಲ್ಲೇ ನಕ್ಕಿದ್ದಳು. "ಇವರು ಓದೋದಾ? ಮೂರು ಸಾಮಾನು ಬರೆದು ಕಳಿಸಿದರೆ ಮೊದಲನೇದು ಮಾತ್ರ ತರ್ತಾರೆ."

ಆ ನಗುವಿನಲ್ಲಿ ಮಾತು ತೇಲಿಹೋಯಿತು. ಅಂದು ಅದನ್ನು ಹಿಡಿದು ಕೇಳಿದ್ದರೆ ಮುಂದಿನ ಸಂಕಟವೇ ಇರುತ್ತಿರಲಿಲ್ಲ.

ಹೊಸಬನ ಪ್ರಶ್ನೆಗಳು ನಿಲ್ಲಲಿಲ್ಲ. ಜ್ವರ ಬಂದ ಅಂಬಿಗ ಏನಾದ? ದಾರಿ ತಪ್ಪಿದ ಅಜ್ಜಿ ಮನೆ ಸೇರಿದಳಾ? ಎರಡೇ ವಾರದಲ್ಲಿ ಮೇಷ್ಟ್ರು ಅವನಿಗೆ 'ಆಮೇಲೆ' ಎಂದು ಅಡ್ಡಹೆಸರಿಟ್ಟರು.

ಆದರೆ ಅವಳ ಸಿಟ್ಟು ಎಲ್ಲಿ ಕರಗಿತು, ಯಾವಾಗ ಕರಗಿತು? ಅವಳಿಗೇ ತಿಳಿಯಲಿಲ್ಲ.

ಕಥೆಯ ನಡುವೆ ಅವಳ ಗಂಟಲು ಒಣಗುವ ಮೊದಲೇ ಅವನ ಕೈ ನೀರಿನ ಲೋಟವನ್ನು ಅವಳ ಕಡೆ ಸರಿಸುತ್ತಿತ್ತು. ಆಟ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ಇಬ್ಬರೂ ಜೊತೆಯಲ್ಲಿ ನಡೆಯುವುದು ರೂಢಿಯಾಯಿತು. ಒಂದು ದಿನ ಅವನು ಇದ್ದಕ್ಕಿದ್ದಂತೆ ಹೇಳಿದ, "ಇವತ್ತು ನಿಮಗೆ ತಲೆನೋವಿದೆ."

"ನಿಮಗೆ ಹೇಗೆ ಗೊತ್ತು?"

"ಧ್ವನಿ ಕೇಳಿದರೆ ಗೊತ್ತಾಗುತ್ತೆ. ನಂದು ಫೋನಿನ ಕೆಲಸ."

ಯಾವುದೋ ಕಂಪನಿಯ ಗ್ರಾಹಕ ಸೇವೆ ಇರಬೇಕು ಎಂದುಕೊಂಡಳು. ಅವಳು ಕೆದಕಲಿಲ್ಲ, ಅವನೂ ಮುಂದೆ ಹೇಳಲಿಲ್ಲ. ಆ ರಾತ್ರಿ ಅವನ ಪುಟದಲ್ಲಿ ಬರೆದಳು: 'ಮುಂದೇನು ಎಂಬ ಕುತೂಹಲ ಇವರಿಗೆ ಪ್ರಾಣ.' ಬರೆದು ಮುಗಿಸಿದ ಮೇಲೂ ಆ ಪುಟ ಮುಚ್ಚಲು ಮನಸ್ಸಾಗಲಿಲ್ಲ.

ಅವನಿಗಾಗಿಯೇ ಒಂದು ಭಾನುವಾರವನ್ನು ಕಟ್ಟಿದಳು. ಕುಸಿದ ಗಣಿ, ಮುಚ್ಚಿಹೋದ ಸುರಂಗ, ಕಲ್ಲುಗಳ ಆಚೆಯಿಂದ ಒಬ್ಬ ಹೆಂಗಸಿನ ಧ್ವನಿ. ಆ ಧ್ವನಿಯನ್ನು ಅವಳು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು.

"ಯಾರಾದರೂ ಇದ್ದೀರಾ? ನೀರು ಏರ್ತಾ ಇದೆ... ನನ್ನ ಮಾತು ಕೇಳಿಸ್ತಾ ಇದೆಯಾ? ನಾನು..."

ಅಲ್ಲಿಗೆ ಧ್ವನಿಯನ್ನು ಕತ್ತರಿಸಿ ಪುಸ್ತಕ ಮುಚ್ಚಿದಳು. "ಉಳಿದದ್ದು ಮುಂದಿನ ವಾರ."

ಅಕ್ಕ ಎದೆಯ ಮೇಲೆ ಕೈಯಿಟ್ಟಳು. ಭಾವ ಮೇಜು ಗುದ್ದಿದ. ಅವಳು ಮಾತ್ರ ಹೆಮ್ಮೆಯಿಂದ ಹೊಸಬನ ಕಡೆ ನೋಡಿದಳು.

ಅವನ ಮುಖ ಬಿಳಿಚಿಕೊಂಡಿತ್ತು.

"ಅವಳು ಏನಾದಳು?"

"ಮುಂದಿನ ವಾರ ಅಂದೆನಲ್ಲ."

"ಈಗ ಹೇಳಿ."

"ಈಗಲೇ ಹೇಳಿದರೆ ಮಜಾ ಏನಿರುತ್ತೆ?"

ಅವನು ಎದ್ದ. ದಾಳವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ. "ಗೊತ್ತಿದ್ದೂ ಮಾಡಿದಿರಿ. ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ."

ಬಾಗಿಲು ಮುಚ್ಚಿಕೊಂಡಿತು. 'ಗೊತ್ತಿದ್ದೂ? ನನಗೇನು ಗೊತ್ತಿತ್ತು?'

ಎರಡು ಭಾನುವಾರ ಅವನ ಕುರ್ಚಿ ಖಾಲಿಯಾಗಿತ್ತು. ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಉಳಿದವರು ಬಂದರೂ ಅವಳು ಆಟ ನಡೆಸಲಿಲ್ಲ. ಅಂಗಡಿಯಲ್ಲಿ ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಳು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಭಾವ ಅಂಗಡಿಗೆ ಬಂದ, ಮುಖ ಸಣ್ಣದು ಮಾಡಿಕೊಂಡು.

"ಅವನು ಇನ್ನು ಬರಲ್ಲವಂತೆ. ಇಡೀ ವರ್ಷ ಭಾನುವಾರದ ಡ್ಯೂಟಿ ಕೇಳಿದ್ದಾನೆ. ಇವತ್ತು ನಾಲ್ಕು ಗಂಟೆಗೆ ಡ್ಯೂಟಿ ಪಟ್ಟಿಗೆ ಸಹಿ ಹಾಕ್ತಾನೆ."

"ಗ್ರಾಹಕ ಸೇವೆಯಲ್ಲಿ ವರ್ಷವಿಡೀ ಭಾನುವಾರದ ಡ್ಯೂಟಿನಾ?"

"ಗ್ರಾಹಕ ಸೇವೆನಾ? ಅವನು ತುರ್ತು ಕರೆ ತೆಗೆದುಕೊಳ್ಳೋನು. ಅಪಘಾತ, ಬೆಂಕಿ, ಎಲ್ಲಾ ಮೊದಲು ಅವನ ಕಿವಿಗೇ ಬೀಳೋದು."

ಅವಳ ಕೈಯಲ್ಲಿದ್ದ ಕನ್ನಡಕದ ಚೌಕಟ್ಟು ಮೇಜಿನ ಮೇಲೆ ಬಿತ್ತು.

"ಭಾವ... ಆ ಮೆಸೇಜ್ ತೋರಿಸಿ."

ಮೊದಲ ಸಾಲು: 'ಖಂಡಿತ ಬರ್ತೀನಿ, ಆಟದಲ್ಲಿ ಏನಿದ್ದರೂ ನಡೆಯುತ್ತೆ.' ಭಾವ ಓದಿದ್ದು ಅಷ್ಟೇ. ಅವಳು ಕೆಳಗೆ ಸರಿಸಿದಳು.

'ಒಂದೇ ಒಂದು ಬೇಡ. ಸಹಾಯ ಕೇಳೋ ಧ್ವನಿ ಅರ್ಧಕ್ಕೆ ನಿಲ್ಲೋದು. ಸಹಾಯದ ಗಾಡಿ ತಲುಪಿದ ತಕ್ಷಣ ನಮ್ಮ ಫೋನ್ ಕಟ್ ಆಗುತ್ತೆ. ಆಮೇಲೆ ಅವರು ಏನಾದರು ಅಂತ ನಮಗೆ ಯಾರೂ ಹೇಳಲ್ಲ. ಕೆಲವರ ಧ್ವನಿ ಗಾಡಿ ತಲುಪೋ ಮೊದಲೇ ನಿಲ್ಲುತ್ತೆ. ಇದನ್ನ ಆಟ ನಡೆಸೋರಿಗೆ ತಪ್ಪದೇ ಹೇಳು.'

ಕುತೂಹಲ ಎಂದುಕೊಂಡಿದ್ದಳಲ್ಲ... ಅದು ಗಾಯವಾಗಿತ್ತು. ಆ ಗಾಯಕ್ಕೇ ಅಳತೆ ತೆಗೆದು ಕಥೆ ಹೊಲಿದಿದ್ದಳು.

"ನಾನು ಕೆಟ್ಟೋನಲ್ಲಮ್ಮ," ಎಂದ ಭಾವ, ಅಳುವವನಂತೆ.

"ಗೊತ್ತು. ಅಂಗಡಿ ನೋಡಿಕೊಳ್ಳಿ. ಯಾರಿಗೂ ಕನ್ನಡಕ ಮಾತ್ರ ಕೊಡಬೇಡಿ."

ತುರ್ತು ಕರೆ ಕೇಂದ್ರದ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ತೊಡೆಯ ಮೇಲೆ ಪುಸ್ತಕ ಬಿಡಿಸಿ ಬರೆಯತೊಡಗಿದಳು. ಸಿಗ್ನಲ್ಲಿನಲ್ಲಿ ಅಕ್ಷರ ನೆಟ್ಟಗಾಗುತ್ತಿತ್ತು, ತಿರುವಿನಲ್ಲಿ ಸೊಟ್ಟಗಾಗುತ್ತಿತ್ತು. ಅವಳು ಪೆನ್ನು ಎತ್ತಲಿಲ್ಲ.

ಇಳಿದಾಗ ಮೂರೂ ನಲವತ್ತೈದು. ಬಾಗಿಲ ಬಳಿಯ ಕಾವಲಿನವನು ಕೈ ಅಡ್ಡ ಹಿಡಿದ. "ಒಳಗೆ ಬಿಡೋ ಹಾಗಿಲ್ಲ."

"ತುಂಬಾ ತುರ್ತು ಇದೆ."

"ತುರ್ತು ಇದ್ದರೆ ಫೋನ್ ಮಾಡಬೇಕಮ್ಮ. ಇಲ್ಲಿಗೆ ಬರೋದಲ್ಲ."

ಅವಳ ಕಣ್ಣು ತುಂಬಿದ್ದನ್ನು ಕಂಡು ಅವನೇ ಒಳಗೆ ಹೇಳಿಕಳಿಸಿದ. ಮೂರೂ ಐವತ್ತು... ಐವತ್ತೆರಡು... ಗಾಜಿನ ಬಾಗಿಲು ತೆರೆದಾಗ ಅವನ ಕೂದಲ ಮೇಲೆ ಹೆಡ್‌ಫೋನಿನ ಅಚ್ಚು ಇನ್ನೂ ಇತ್ತು.

"ಐದು ನಿಮಿಷ ಇದೆ," ಎಂದ. ಅವನ ಧ್ವನಿಯಲ್ಲಿ ಬಿಸಿಯೂ ಇರಲಿಲ್ಲ, ತಂಪೂ ಇರಲಿಲ್ಲ.

"ನನಗೆ ಗೊತ್ತಿರಲಿಲ್ಲ. ಭಾವ ಮೊದಲ ಸಾಲು ಮಾತ್ರ ಓದಿದ್ದರು. ಆದರೂ ತಪ್ಪು ನಂದೇ. ನಿಮ್ಮ ಚೀಟಿಯನ್ನ ನಿಮ್ಮ ಕೈಯಲ್ಲೇ ಬರೆಸಬೇಕಿತ್ತು."

ಅವಳು ಪುಸ್ತಕ ತೆರೆದು ಓದಿದಳು.

"ಸೇತುವೆ ಕಾವಲುಗಾರ ನದಿಗೆ ಹಾರಿದ. ಕೆಳಗಿನ ಊರಿನ ಮೀನುಗಾರರು ಎತ್ತಿಕೊಂಡರು. ಈಗ ಅಲ್ಲೇ ಬಲೆ ಹೆಣೀತಾನೆ, ಕೆಟ್ಟದಾಗಿ ಹೆಣೀತಾನೆ. ಅಂಬಿಗನ ಜ್ವರ ಒಂಬತ್ತನೇ ದಿನಕ್ಕೆ ಇಳೀತು. ಅಜ್ಜಿ ಮನೆ ಸೇರಿ, ಹುಡುಕೋಕೆ ಬರಲಿಲ್ಲ ಅಂತ ಮೊಮ್ಮಕ್ಕಳಿಗೆಲ್ಲ ಬೈದಳು. ಗಣಿಯ ಹೆಂಗಸು ಒಂದು ಎತ್ತರದ ಕಲ್ಲು ಹತ್ತಿ ಕೂತಳು. ನೀರು ಅವಳ ಮೊಣಕಾಲಿಗೆ ಬಂದು ನಿಂತಿತು. ಅವಳು ಬದುಕಿದಳು. ಇದಕ್ಕೆ ದಾಳ ಹಾಕಲಿಲ್ಲ ನಾನು."

ಅವನು ಗೋಡೆಗೆ ಒರಗಿದ. "ಇವರೆಲ್ಲ ಆಟದವರು. ನನಗೆ ಫೋನ್ ಮಾಡಿದವರು?"

ಸುಳ್ಳು ಹೇಳುವುದು ಸುಲಭವಿತ್ತು. ಅವಳು ಹೇಳಲಿಲ್ಲ.

"ಅದು ನನಗೆ ಗೊತ್ತಿಲ್ಲ. ಅವರದ್ದನ್ನ ಬರೆಯೋ ಹಕ್ಕೂ ನನಗಿಲ್ಲ. ಆದರೆ ವಾರಕ್ಕೊಂದು ದಿನ, ನನ್ನ ಮೇಜಿನ ಮುಂದೆ, ಯಾರೂ ಅರ್ಧಕ್ಕೆ ನಿಲ್ಲಲ್ಲ. ಅಷ್ಟು ಮಾತು ಕೊಡಬಲ್ಲೆ." ಪುಸ್ತಕ ಮುಚ್ಚಿದಳು. "ನೀವಿಲ್ಲದೆ ನನಗೆ ಕಥೆ ಹೇಳೋಕೆ ಆಗ್ತಾ ಇಲ್ಲ. ನೀವು ಇಷ್ಟ ನನಗೆ. ಸಹಿ ಹಾಕೋದಾದರೆ ಇದನ್ನ ಕೇಳಿಸಿಕೊಂಡೇ ಹಾಕಿ."

ಅವನು ಗಡಿಯಾರ ನೋಡಿದ.

"ಒಂದು ಚೀಟಿ ಕೊಡಿ," ಎಂದ.

ಗೋಡೆಯ ಮೇಲಿಟ್ಟೇ ಬರೆದ, ಮಡಚಿ ಅವಳ ಕೈಗಿತ್ತ. ಅವಳು ಬಿಡಿಸಿದಳು. 'ಬೇಡದ್ದು: ಅರ್ಧಕ್ಕೆ ನಿಲ್ಲುವ ಧ್ವನಿ.' ಕಣ್ಣು ಮಂಜಾಗಿ ಚೀಟಿ ಮಡಚಹೊರಟಳು.

"ಎರಡನೇ ಸಾಲೂ ಓದಿ," ಎಂದನವನು ಮೆಲ್ಲಗೆ. "ನಿಮ್ಮ ಭಾವನ ಹಾಗೆ ಮಾಡಬೇಡಿ."

'ಇಷ್ಟವಾದದ್ದು: ಆಟ ನಡೆಸುವವಳು. ಮೊದಲ ಭಾನುವಾರದಿಂದ.'

ಒಳಗಿನಿಂದ ಯಾರೋ ಕರೆದರು. ನಾಲ್ಕು ಗಂಟೆ, ಪಟ್ಟಿ ಬಂದಿದೆ. ಅವನು ಬಾಗಿಲ ಸಂದಿಯಿಂದ ತಲೆ ಹಾಕಿ, "ಭಾನುವಾರದ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ," ಎಂದು ಹೇಳಿ ತಿರುಗಿ ಬಂದ.

ಅವಳು ಚೀಟಿಯನ್ನು ಪುಸ್ತಕದೊಳಗಿಟ್ಟು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಿದ್ದಳು. ಈ ಸಲ ಪ್ರಶ್ನೆ ಅವಳದ್ದು.

"ಆಮೇಲೆ?"

"ಚೀಟಿಯಲ್ಲಿ ಜಾಗ ಸಾಲಲಿಲ್ಲ," ಎಂದ ಅವನು. "ಭಾನುವಾರ ಬಸ್ ಸ್ಟಾಪಿಗೆ ನಡೀತಾ ಹೇಳ್ತೀನಿ. ಪೂರ್ತಿ."