ಆರತಿ ಕಾಣದ ಸೈಡ್‌ಕಾರು

"ಗಾಡಿ ಬೇಕಾದರೆ ಒಯ್ಯಿ, ಭಾಯಿ. ಆದರೆ ಮನೆಯ ಹೆಂಗಸಿನ ಕೈಯಿಂದ ಇದಕ್ಕೆ ಆರತಿ ಎತ್ತಿಸಬೇಡ. ‘ಒಳಗೆ ಬಾ’ ಅನ್ನಿಸಬೇಡ."

ಫತೇಗಂಜಿನ ಮುದುಕ ಜಮನಾದಾಸ ಹೀಗೆಂದಾಗ ವಿಠ್ಠಲ ನಕ್ಕ. ಆ ನಗು ಸೂರತ್ತಿನವರೆಗೆ ಕೇಳಿಸಿತು. ನಂಬುವುದಿಲ್ಲವೇ? ಹೋಗಲಿ, ಭರೂಚಿನವರೆಗೆ ಅಂದುಕೊಳ್ಳಿ. ಧಾರವಾಡದಿಂದ ಬರೋಡಾದ ಹೊಸ ತೈಲ ಕಾರ್ಖಾನೆಗೆ ಬಂದ ಎಂಜಿನಿಯರು ಅವನು. ದೆವ್ವವೇ ಎದುರು ನಿಂತರೂ ಅದರ ಅಳತೆ ತೆಗೆದುಕೊಳ್ಳುವ ಪೈಕಿ.

ಮುದುಕನ ಷೆಡ್ಡಿನ ಕತ್ತಲಲ್ಲಿದ್ದ ಮೋಟಾರ್ ಸೈಕಲ್ಲು ಬ್ರಿಟಿಷರ ಕಾಲದ್ದು. ಎಡಕ್ಕೆ ದೋಣಿಯಂಥ ಸೈಡ್‌ಕಾರು. ಊರಿನವರು ಅದನ್ನು ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಬರೋಡಾದ ಸಮಸ್ತ ಕಾಗೆಗಳೂ ಆ ಷೆಡ್ಡನ್ನು ತಪ್ಪಿಸಿ ಸುತ್ತುಬಳಸಿ ಹಾರುತ್ತಿದ್ದವು. ಹೆಚ್ಚು ಮಾಡಿ ಹೇಳುವುದು ನನ್ನ ಜಾಯಮಾನವಲ್ಲ.

ಆದರೆ ವಿಠ್ಠಲನಿಗೆ ಬೇಕಾಗಿದ್ದದ್ದು ಆ ಸೈಡ್‌ಕಾರೇ. ಹೆಂಡತಿ ನಾಗವೇಣಿಗೆ ಎಳವೆಯಲ್ಲೇ ಎಡಗಾಲು ಸೋತಿತ್ತು. ಬಸ್ಸು ಹತ್ತಲಾರಳು, ಸ್ಕೂಟರಿನ ಹಿಂದೆ ಕೂರಲಾರಳು. ಈ ಊರಿಗೆ ಬಂದಾಗಿನಿಂದ ಅವಳು ಕೇಳಿದ್ದು ಒಂದೇ: ಒಮ್ಮೆ ಕಮಾಟಿ ಬಾಗಿನ ಹೂದೋಟ ನೋಡಬೇಕು.

"ಯಾಕ ಕಾಕಾ, ಗಾಡಿಗೆ ಕುಂಕುಮ ಆಗಿಬರಂಗಿಲ್ಲೇನು?"

ಜಮನಾದಾಸ ನಗಲಿಲ್ಲ. "ನನ್ನ ತಮ್ಮ ಮನೆಯ ಒಪ್ಪಿಗೆಯಿಲ್ಲದೆ ಮದುವೆಯಾಗಿ ಹುಡುಗಿಯನ್ನು ಇದರಲ್ಲೇ ಕರೆತಂದ. ಅಮ್ಮ ಬಾಗಿಲು ತೆರೆಯಲಿಲ್ಲ. ವೈಶಾಖದ ಬಿಸಿಲು. ಆರತಿ ಎತ್ತದೆ ಸೊಸೆ ಹೇಗೆ ಇಳಿದಾಳು? ಕೂತಲ್ಲೇ ಪ್ರಾಣ ಬಿಟ್ಟಳು. ಅವಳಪ್ಪ ಮಾಟಗಾರ. ಅವಳ ಕೂದಲನ್ನು ಸೀಟಿಗೆ ಮೊಳೆ ಹೊಡೆದು ಹೇಳಿದ: ಯಾವ ಗೃಹಿಣಿ ಇವಳನ್ನು ಕರೆಯುತ್ತಾಳೋ, ಅವಳ ಮನೆ ಇವಳದು, ಈ ಸೀಟು ಅವಳದು."

"ಸುಟ್ಟುಬಿಡಬೇಕಿತ್ತು."

"ಸುಟ್ಟೆವು, ಭಾಯಿ. ಬಣ್ಣ ಕೂಡ ಹೋಗಲಿಲ್ಲ."

ನಾಳೆ ಒಂದು ಸುತ್ತು ಓಡಿಸಿ ನೋಡಿ ಹೇಳುತ್ತೇನೆಂದು ವಿಠ್ಠಲ ಮನೆಗೆ ಬಂದ. ಮುದುಕನ ಮಾತನ್ನು ಹೆಂಡತಿಗೆ ಹೇಳಲಿಲ್ಲ. ಬದಲಿಗೆ, ತುಂಟತನಕ್ಕೆ, "ನಾಳೆ ಸಂಜೀಕ ಗಾಡಿ ತರ್ತೀನಿ. ಆರತಿ ಭರ್ಜರಿ ಇರ್ಲಿ ನೋಡು," ಅಂದ.

"ಹೊಸಾದೇನ್ರೀ?"

"ನಮ್ಮವ್ವಗಿಂತ ಸಣ್ಣದು."

"ಹಂಗಾದ್ರ ಬಾಯಿ ಜೋರ ಇರ್ತದ ಬಿಡ್ರಿ!" ನಾಗವೇಣಿ ನಕ್ಕಳು. ಆ ರಾತ್ರಿಯೇ ಸೀರೆ ತೆಗೆದಿಟ್ಟಳು.

ಮರುದಿನ ಗಾಡಿ ಒಂದೇ ಒದೆತಕ್ಕೆ ಎದ್ದಿತು. ಹುಲಿಗಳ ಹಿಂಡು ಒಟ್ಟಿಗೆ ಕೆಮ್ಮಿದ ಸದ್ದು. ರೈಲ್ವೆ ಗೇಟು ದಾಟುವವರೆಗೆ ವಿಠ್ಠಲ ಸಿಳ್ಳೆ ಹಾಕುತ್ತಿದ್ದ. ಆಮೇಲೆ ಎಡ ತಿರುವು ಬಂತು. ಖಾಲಿ ಸೈಡ್‌ಕಾರಿನ ಗಾಲಿ ಎಡ ತಿರುವಿನಲ್ಲಿ ನೆಲ ಬಿಟ್ಟು ಏಳಬೇಕು. ಎಂಜಿನಿಯರಿಗೆ ಅಷ್ಟು ಗೊತ್ತು. ಅದು ಏಳಲಿಲ್ಲ.

ಸಿಳ್ಳೆ ನಿಂತಿತು.

ಯಾರೋ ಕೂತಂತೆ ಸೀಟಿನ ಸ್ಪ್ರಿಂಗು ಅಮುಕಿಕೊಂಡಿತ್ತು. ಪೆಟ್ರೋಲಿನ ನಾತದ ನಡುವೆ ಬಾಡಿದ ಮಲ್ಲಿಗೆಯ ವಾಸನೆ, ಅದರಡಿಗೆ ಬಿಸಿಲಲ್ಲಿ ಹಳಸಿದ ಮಾಂಸದ ವಾಸನೆ. ಕಿವಿಯ ಪಕ್ಕದಲ್ಲೇ ಗಾಜಿನ ಬಳೆಯ ಸದ್ದು. ಸಣ್ಣಗೆ. ತಾಳ್ಮೆಯಿಂದ.

ಬೇಡ. ಈ ಗಾಡಿ ಬೇಡ. ನಿರ್ಧಾರ ಆಗಿಹೋಯಿತು. ಹಿಂದಿರುಗಿಸಲೆಂದು ಹ್ಯಾಂಡಲ್ ತಿರುಗಿಸಿದ. ತಿರುಗಲಿಲ್ಲ. ಬ್ರೇಕು ಒತ್ತಿದ. ಹಿಡಿಯಲಿಲ್ಲ. ಗಾಡಿಗೆ ದಾರಿ ಗೊತ್ತಿತ್ತು. ಅವನ ಓಣಿ. ಅವನ ಮನೆ. ಮುಸ್ಸಂಜೆಯ ಬಾಗಿಲಲ್ಲಿ, ಚೌಕಟ್ಟಿಗೆ ಆತುಕೊಂಡು, ಆರತಿ ತಟ್ಟೆ ಹಿಡಿದ ನಾಗವೇಣಿ.

"ಬ್ಯಾಡ! ಒಳಗ ಹೋಗು!"

ಎಂಜಿನ್ ಗರ್ಜಿಸಿತು. ಅವಳಿಗೆ ಕೇಳಿಸಲಿಲ್ಲ. ಅವಳು ಸೈಡ್‌ಕಾರನ್ನು ನೋಡುತ್ತಿದ್ದಳು. ಮುಖ ಅರಳಿತು. ಕುಂಟುತ್ತ ಇಳಿದು ಬಂದಳು. ಬೆರಳಲ್ಲಿ ಕುಂಕುಮ. ಗಾಳಿಯಲ್ಲಿ, ಹಣೆಯ ಎತ್ತರಕ್ಕೆ, ಹಚ್ಚಿದಳು. ಕುಂಕುಮ ಅಲ್ಲೇ ನಿಂತಿತು.

"ಅಯ್ಯ, ಮದುಮಗಳನ್ನ ಹೊರಗ ಯಾಕ ಕೂಡಿಸೀರಿ? ಬಾರವ್ವಾ, ಒಳಗ ಬಾ."

ಎಂಜಿನ್ ನಿಂತಿತು. ತಟ್ಟೆ ಬಿತ್ತು. ದೀಪ ಆರಿತು.

ಗಾಬರಿಗೆ ಮುಚ್ಚಿದ್ದ ಕಣ್ಣನ್ನು ವಿಠ್ಠಲ ಬಿಟ್ಟಾಗ ನಾಗವೇಣಿ ಬಲಗಾಲಿಟ್ಟು ಹೊಸಿಲು ದಾಟುತ್ತಿದ್ದಳು. ನೆಟ್ಟಗೆ. ಒಂದಿಷ್ಟೂ ಕುಂಟದೆ.

ಸೈಡ್‌ಕಾರು ಖಾಲಿ. ಸ್ಪ್ರಿಂಗು ಮಾತ್ರ ಹಾಗೇ ಅಮುಕಿಕೊಂಡಿತ್ತು. ಅಲ್ಲಿಂದ ಸಣ್ಣ ದನಿ: "ಏನ್ರೀ, ನನಗ ಇಳೀಲಿಕ್ಕೆ ಆಗವಲ್ದು."

ಮರುದಿನ ವಿಠ್ಠಲ ಗಾಡಿ ಕೊಂಡ. ಕೊಳ್ಳದೆ ಏನು ಮಾಡಿಯಾನು?

ಈಗ ದಿನವೂ ಸಂಜೆ ಅವನು ಖಾಲಿ ಸೈಡ್‌ಕಾರಿನೊಂದಿಗೆ ಕಮಾಟಿ ಬಾಗಿಗೆ ಹೋಗುತ್ತಾನೆ. ಹೂಗಳ ಹೆಸರು ಗಟ್ಟಿಯಾಗಿ ಹೇಳುತ್ತ ನಿಲ್ಲುತ್ತಾನೆ. ನೆರೆಯ ಗುಜರಾತಿ ಹೆಂಗಸರು ತಮ್ಮ ‘ನಾಗವೇಣಿ ಬೆಹನ್’ಳ ಕಾಲು ವಾಸಿಯಾದ ಪವಾಡವನ್ನು ಅಹಮದಾಬಾದಿನವರೆಗೆ ಸಾರಿದ್ದಾರೆ.

ಮರಳಿ ಬಂದು ಅವನು ಬಾಗಿಲ ಮುಂದೆ ಕೈಮುಗಿಯುತ್ತಾನೆ. "ಒಂದಽ ಸಲ ಆರತಿ ಎತ್ತು. ಒಳಗ ಬಾ ಅನ್ನು."

ಅವಳು ಸೈಡ್‌ಕಾರನ್ನು ಬಹಳ ಹೊತ್ತು ನೋಡುತ್ತಾಳೆ. ಅಲ್ಲಿ ಕೂರುವುದೆಂದರೇನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಬಾಗಿಲು ಹಾಕಿಕೊಳ್ಳುತ್ತಾಳೆ.